ಎರಡನೆಯ ಪಾವಟಿಗೆಯ ಕುಳಿ

ಇವತ್ತು ಮಾಡಿದ ಕೆಲಸ ಇಷ್ಟು. ನಸುಕಿನಲ್ಲಿ ನಳ ಬಂದಿತ್ತು, ಎರಡು ಹಂಡೆ, ಒಂದು ಪೀಪಾಯಿ ನೀರು ತುಂಬಿದೆ. ಅಂಗಳ ಕಸ ಹೊಡೆದು ನೀರಿನ ಥಳಿ ಹಾಕಿದೆ. ಹದಿನಾರು ಜೋಳದ ರೊಟ್ಟಿ ಬಡಿದೆ, ಮನೆಯಲ್ಲಿರುವ ಗಂಡಸರಿಗೆ ಎಂಟು, ನಮ್ಮ ಬುತ್ತಿಗೆ ಎಂಟು. ಶೇಂಗಾ ಚಟ್ನಿ ನಿನ್ನೆ ಕುಟ್ಟಿದ್ದೇ ಇತ್ತು. ಅಕ್ಕನ ಹಳೆಯ ಇಳಕಲ್ ಸೀರೆಯ ಸೆರಗು ಬಿಚ್ಚಿತ್ತು, ನಾಲ್ಕು ಹೊಲಿಗೆ ಹಾಕಿಕೊಟ್ಟೆ. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣ ಕೊಂಬು, ಎಲೆ ಅಡಿಕೆ, ಒಂದು ಕುಬಸದ ಕಣ ಎಲ್ಲ ಸೇರಿಸಿ ಉಡಿ ತುಂಬುವ ಗಂಟು ಕಟ್ಟಿದೆ. ಬನಹಟ್ಟಿಯಿಂದ ಜಮಖಂಡಿಗೆ ಒಂದು ಬಸ್ಸು, ಜಮಖಂಡಿಯಿಂದ ಬೀಳಗಿಗೆ ಒಂದು ಬಸ್ಸು, ಅಲ್ಲಿಂದ ಟಂಟಂ ಆಟೋ ಹಿಡಿದು ಹೊಳೆಯ ದಂಡೆಗೆ ಹೋಗಿ ಬಂದೆವು. ಬಂದವಳೇ ಒಣಗಿದ ಬಟ್ಟೆ ತೆಗೆದು ಮಡಚಿಟ್ಟೆ. ಒಲೆ ಹಚ್ಚಿದೆ. ಆಮೇಲೆ ಅಕ್ಕನಿಗೆ ಒಂದು ಮಾತು ಹೇಳಿದೆ. ಅದನ್ನು ಹನ್ನೆರಡು ವರ್ಷಗಳ ಹಿಂದೆ ಹೇಳಬೇಕಾಗಿತ್ತು.

ಅಕ್ಕ ಎಂದರೆ ನನ್ನ ನೆಗೆಣ್ಣಿ, ಭಾವನ ಹೆಂಡತಿ. ಈ ಮನೆಗೆ ನನಗಿಂತ ಆರು ವರ್ಷ ಮೊದಲು ಸೊಸೆಯಾಗಿ ಬಂದವಳು. ನಮ್ಮದು ನೇಕಾರರ ಮನೆ. ಈಗ ನಾಲ್ಕು ವಿದ್ಯುತ್ ಮಗ್ಗಗಳಿವೆ. ನಾನು ಮದುವೆಯಾಗಿ ಬಂದಾಗ ಎರಡು ಕೈಮಗ್ಗಗಳೂ ಇದ್ದವು. ಗಂಡಸರು ನೇಯುತ್ತಾರೆ. ಲಡಿಯಲ್ಲಿನ ನೂಲನ್ನು ರಾಟಿಯ ಮೇಲೆ ಕಂಡಿಕೆಗೆ ಸುತ್ತಿ, ಲಾಳಿಯೊಳಗೆ ಕೂರುವಂತೆ ಮಾಡಿಕೊಡುವುದು ಹೆಂಗಸರ ಕೆಲಸ. ನಾನು ಮತ್ತು ಅಕ್ಕ ಎದುರುಬದುರು ಕೂತು ಎಷ್ಟು ಸಾವಿರ ಕಂಡಿಕೆ ಸುತ್ತಿದ್ದೇವೋ ಲೆಕ್ಕ ಇಟ್ಟವರಿಲ್ಲ.

ಅಕ್ಕನ ತವರು ಬೀಳಗಿ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಯ ಮೇಲಿತ್ತು. ಇತ್ತು ಎನ್ನಬೇಕು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಆ ಊರನ್ನು ತುಂಬಿಕೊಂಡಾಗ ಅಕ್ಕ ಎರಡನೆಯ ಮಗುವಿನ ಬಾಣಂತಿ. ಅವಳ ತಂದೆ ಬಾಗಿಲು, ಚೌಕಟ್ಟು, ತೊಲೆ ಎಲ್ಲ ಕಿತ್ತು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಸರಕಾರ ಕೊಟ್ಟ ಹೊಸ ಜಾಗಕ್ಕೆ ಹೋದರು. ಮನೆ ಬಿಚ್ಚುವ ದಿನ ಬಾಣಂತಿಯನ್ನು ಕಳಿಸುವುದು ಹೇಗೆ ಎಂದು ನಮ್ಮ ಅತ್ತೆ ಕಳಿಸಲಿಲ್ಲ. ಮುಂದೆ ಆ ಹೊಸ ಜಾಗದ ತಗಡಿನ ಪತ್ರಾಸಿನ ಮನೆಯಲ್ಲಿ ಅಕ್ಕನ ತಂದೆತಾಯಿ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅಣ್ಣತಮ್ಮಂದಿರು ಇರಲಿಲ್ಲ. ಹೀಗಾಗಿ ಅಕ್ಕನಿಗೆ ತವರು ಎನ್ನುವುದು ಬರೀ ಮಾತಿನಲ್ಲಿ ಉಳಿಯಿತು.

ಆ ಮಾತನ್ನು ಅವಳು ರಾಟಿಯ ಮುಂದೆ ಆಡುತ್ತಿದ್ದಳು. ಹಣಮಂತದೇವರ ಗುಡಿಯಿಂದ ನಾಲ್ಕನೆಯ ಮನೆ ಅವರದು. ಆ ಓಣಿಯಲ್ಲಿ ಮಗ್ಗ ಇದ್ದದ್ದು ಅವರ ಮನೆಯಲ್ಲಷ್ಟೇ, ಉಳಿದವರೆಲ್ಲ ಒಕ್ಕಲುತನದವರು. ನೆಲದಲ್ಲಿ ತೋಡಿದ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಅವಳ ತಂದೆ ನೇಯುತ್ತಿದ್ದರು. ಬೇಸಗೆಯಲ್ಲಿ ಮಗ್ಗ ನಿಂತ ಮಧ್ಯಾಹ್ನ ಇವಳು ತಂಪಿಗೆಂದು ಆ ಕುಣಿಯೊಳಗೆ ಇಳಿದು ನಿದ್ದೆ ಮಾಡುತ್ತಿದ್ದಳು. ಒಮ್ಮೆ ಅಲ್ಲಿ ಕೋಳಿ ತತ್ತಿ ಇಟ್ಟಿತ್ತು. ಅವಳು ಹೇಳುವಾಗ ಎಳೆ ಹರಿದರೆ ಮಾತೂ ನಿಲ್ಲುತ್ತಿತ್ತು. ಎಳೆ ಗಂಟು ಹಾಕಿ, ಬಿಟ್ಟ ಕಡೆಯಿಂದಲೇ ಹಿಡಿಯುತ್ತಿದ್ದಳು. ನಾನು ತಲೆ ಎತ್ತದೆ ಕೇಳುತ್ತಿದ್ದೆ.

ಒಂದು ಸಲ ತೇರದಾಳದ ಸಂತೆಯಿಂದ ಬೆಲ್ಲ ಕಟ್ಟಿಸಿಕೊಂಡು ಬಂದ ಪೇಪರನ್ನು ಅಕ್ಕ ಬಿಡಿಸಿ ನೀಟಾಗಿ ಒರೆಸಿ ಓದಿದಳು. ಮನೆಯಲ್ಲೇ ಕೂತು ಬಿ.ಎ. ಕಲಿಯಬಹುದು, ಪುಸ್ತಕ ಅಂಚೆಯಲ್ಲಿ ಬರುತ್ತವೆ, ಭಾನುವಾರ ಜಮಖಂಡಿಯಲ್ಲಿ ತರಗತಿ, ಬರವಣಿಗೆಯನ್ನೇ ಮುಖ್ಯ ವಿಷಯವಾಗಿ ತೆಗೆದುಕೊಳ್ಳಬಹುದು ಎಂದು ಅದರಲ್ಲಿತ್ತು. ಹತ್ತನೆಯ ತರಗತಿ ಮುಗಿಸಿದವರು ಒಂದು ಸಣ್ಣ ಪರೀಕ್ಷೆ ಬರೆದರೆ ಸಾಕಾಗುತ್ತಿತ್ತು.

"ತಂಗಿ, ಬರಿಯೂದು ಕಲಸ್ತಾರಂತ," ಎಂದಳು ಅಕ್ಕ.

"ಬರಿಯಾಕ ಬರ್ತೈತಲ್ಲ ಯಕ್ಕಾ ನಿನಗ."

"ಕಿರಾಣಿ ಚೀಟಿ ಅಲ್ಲಬೇ. ನಮ್ಮೂರಿಂದು ಒಂದ ಬರದ ಇಡಬೇಕು. ನೀರಾಗ ಹೋದದ್ದು ಹಾಳ್ಯಾಗರ ಇರಲಿ."

ಅತ್ತೆ ಪಡಸಾಲೆಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದರು. ಎಲ್ಲ ಕೇಳಿಸಿಕೊಂಡರು. "ಬಿಯ್ಯೆ ಆಗಿ ಕಂಡಿಕಿ ಸುತ್ತಿದ್ರ ನೂಲ ಹರಿಯಾಂಗಿಲ್ಲೇನವ್ವಾ?" ಎಂದರು. ಅಕ್ಕ ನಕ್ಕಳು. ಅತ್ತೆಯೂ ನಕ್ಕರು. ನಕ್ಕರೆಂದರೆ ಅರ್ಧ ಒಪ್ಪಿದಂತೆ. ಉಳಿದರ್ಧಕ್ಕೆ ಒಂದು ಷರತ್ತು ಬಂತು. "ಒಬ್ಬಾಕಿನ್ನ ಜಮಖಂಡಿಗೆ ಕಳಸಾಂಗಿಲ್ಲ ನೋಡು. ಜೋಡಿಗೆ ಒಬ್ಬಾಕಿ ಬೇಕು."

ಆ ಜೋಡಿಗೆ ಹೋದವಳು ನಾನು. ಸುಮ್ಮನೆ ಹೊರಗೆ ಕೂರುವುದಕ್ಕಿಂತ ನನ್ನ ಹೆಸರನ್ನೂ ಬರೆಸಿದರಾಯಿತು ಎಂದು ನನ್ನ ಗಂಡ ಅಂದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಪದವಿ ಬೇಕೆಂದು ಆಸೆಪಟ್ಟವಳು ಅಕ್ಕ. ನಾನು ಅವಳ ಜೊತೆಗೆ ಬಸ್ಸು ಹತ್ತಿದವಳು.

ತರಗತಿ ಒಂದು ಹೈಸ್ಕೂಲಿನ ಮೂಲೆಯ ಕೋಣೆಯಲ್ಲಿ ನಡೆಯುತ್ತಿತ್ತು. ಹನ್ನೊಂದು ಜನ ಇದ್ದೆವು. ಒಬ್ಬ ಬಸ್ ಕಂಡಕ್ಟರ್, ಸಮೀರವಾಡಿಯ ಕಡೆಯಿಂದ ಬರುವ ಒಬ್ಬರು, ಮುಧೋಳದ ಇಬ್ಬರು ಅಂಗನವಾಡಿ ಶಿಕ್ಷಕಿಯರು, ಉಳಿದವರು ಸಣ್ಣ ಹುಡುಗರು. ಕಲಿಸುವ ಸರ್ ನಮಗಿಂತ ಚಿಕ್ಕವರು. ಕೆಟ್ಟವರಲ್ಲ. ನಮ್ಮ ಬುತ್ತಿಯಲ್ಲಿನ ರೊಟ್ಟಿ ಕೇಳಿ ತಿನ್ನುತ್ತಿದ್ದರು. ಅವರು ಮತ್ತೆ ಮತ್ತೆ ಒಂದೇ ಮಾತು ಹೇಳುತ್ತಿದ್ದರು. "ನಮ್ಮ ಮನಿ ಛಲೋ ಇತ್ತು ಅಂತ ಬರದ್ರ ಓದಾವ್ರಿಗೆ ಏನ ಕಾಣ್ತೈತ್ರಿ? ಏನೂ ಕಾಣಂಗಿಲ್ಲ. ಒಂದ ಕಲ್ಲರ ಕಾಣಬೇಕು."

ಎರಡನೆಯ ವರ್ಷ ಇಪ್ಪತ್ತು ಪುಟದ ಒಂದು ಬರಹ ಒಪ್ಪಿಸಬೇಕಾಗಿತ್ತು. ವಿಷಯ, ನಾನು ಕಂಡ ಮನೆ. ಆ ದಿನ ಬಸ್ಸಿನಲ್ಲಿ ಅಕ್ಕ ಎಷ್ಟು ಹಿಗ್ಗಿದ್ದಳೆಂದರೆ, ಬನಹಟ್ಟಿ ಬಂದದ್ದೂ ಅವಳಿಗೆ ಗೊತ್ತಾಗಲಿಲ್ಲ.

ಆದರೆ ಅಕ್ಕನಿಗೆ ಹೇಳುವುದು ಬರುತ್ತಿತ್ತು, ಬರೆಯಲು ಕೂತರೆ ಕೈ ನಡೆಯುತ್ತಿರಲಿಲ್ಲ. ಪೆನ್ನು ಹಿಡಿದರೆ ಶಾಲೆಯ ಹುಡುಗಿಯಂತೆ ಸೆಟೆದು ಕೂರುತ್ತಿದ್ದಳು. ನಾಲ್ಕು ಸಾಲು ಬರೆದು, "ಇದ ಅಲ್ಲಬೇ," ಎಂದು ಹಾಳೆ ಮಡಚುತ್ತಿದ್ದಳು. ಕೊನೆಗೆ ನಾವೊಂದು ದಾರಿ ಮಾಡಿಕೊಂಡೆವು. ಅವಳು ಕಂಡಿಕೆ ಸುತ್ತುತ್ತ ಹೇಳುವುದು. ಕರೆಂಟು ಹೋಗಿ ಮಗ್ಗ ನಿಂತ ಹೊತ್ತಿನಲ್ಲಿ ನಾನು ಅದನ್ನು ಬರೆಯುವುದು. ಹದಿನೈದು ದಿನ ಹೀಗೆ ನಡೆಯಿತು. ಇಪ್ಪತ್ತು ಪುಟ ಆಯಿತು. ಅದನ್ನು ನಾನು ಎರಡು ಸಲ ನಕಲು ಮಾಡಿದೆ. ಒಂದರ ಮೇಲೆ ಅಕ್ಕನ ಹೆಸರು, ಒಂದರ ಮೇಲೆ ನನ್ನ ಹೆಸರು.

ಇದರಲ್ಲಿ ತಪ್ಪಿದೆ ಎಂದು ನಮಗೆ ಹೊಳೆಯಲಿಲ್ಲ. ಇದನ್ನು ಈಗ ಯಾರಿಗೆ ಹೇಳಿದರೂ ನಂಬುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಒಂದೇ ಹಿಟ್ಟು ನಾದಿ ಎಲ್ಲರ ರೊಟ್ಟಿ ಬಡಿಯುತ್ತಿದ್ದೆವು. ಅಕ್ಕನ ಒಳ್ಳೆಯ ಸೀರೆ ಉಟ್ಟು ನಾನು ಮದುವೆಗೆ ಹೋಗುತ್ತಿದ್ದೆ. ನನ್ನ ಮಗ ಅವಳ ಎದೆಹಾಲು ಕುಡಿದಿದ್ದಾನೆ. ಒಂದು ಮನೆಯಿಂದ ಒಂದು ಬರಹ ಹೋದರೆ ಅದು ಇಬ್ಬರದೂ ಆಗುತ್ತದೆ ಎಂದೇ ನಾವು ತಿಳಿದಿದ್ದೆವು. ಎರಡನ್ನೂ ಒಂದೇ ಲಕೋಟೆಯಲ್ಲಿ ಇಟ್ಟು ಕೊಟ್ಟೆವು.

ನಕಲು ಮಾಡುವಾಗ ನಾನು ಇನ್ನೊಂದು ಕೆಲಸ ಮಾಡಿದೆ. ಅಕ್ಕ ಹೇಳಿದ್ದರಲ್ಲಿ ಮಗ್ಗದ ಕುಣಿ, ಅದರೊಳಗಿನ ನಿದ್ದೆ, ಕೋಳಿ ತತ್ತಿ ಎಲ್ಲ ಇತ್ತಲ್ಲ, ಅದನ್ನು ಬಿಟ್ಟುಬಿಟ್ಟೆ. ಬನಹಟ್ಟಿಯಲ್ಲಿ ಕುಣಿ ಯಾರ ಮನೆಯಲ್ಲಿಲ್ಲ, ಅದನ್ನೇನು ಬರೆಯುವುದು ಅನ್ನಿಸಿತು. ಆಮೇಲೆ ಸರ್ ಹೇಳಿದ ಕಲ್ಲು ನೆನಪಾಯಿತು. ಅಕ್ಕನ ಮನೆಯ ಬಾಗಿಲಿಗೆ ಎರಡು ಪಾವಟಿಗೆ, ಕಲ್ಲಿನ ಮೆಟ್ಟಿಲು, ಇದ್ದವು ಎಂದು ಅವಳು ಹೇಳಿದ್ದಳು. ಎರಡನೆಯ ಪಾವಟಿಗೆಯ ಬಲಗಡೆ ಒಂದು ಕುಳಿ ಇತ್ತು, ಬೊಗಸೆಯಷ್ಟು, ಮಳೆ ಬಂದಾಗ ನೀರು ನಿಲ್ಲುತ್ತಿತ್ತು, ಗುಬ್ಬಿಗಳು ಕೂತು ಕುಡಿಯುತ್ತಿದ್ದವು, ಅವ್ವ ಬೇಸಗೆಯಲ್ಲಿ ತಾನೇ ಅದಕ್ಕೆ ಚರಿಗೆಯಿಂದ ನೀರು ಹಾಕುತ್ತಿದ್ದಳು ಎಂದು ನಾಲ್ಕು ಸಾಲು ನಾನೇ ಸೇರಿಸಿದೆ. ಎರಡೂ ಪ್ರತಿಗಳಲ್ಲಿ ಸೇರಿಸಿದೆ. ಮರುದಿನವೇ ಕೊನೆಯ ದಿನವಾಗಿತ್ತು. ಅಕ್ಕನಿಗೆ ಓದಿ ತೋರಿಸಲಿಲ್ಲ. ಅವಳು ಹಿಟ್ಟಿನ ಕೈ ತೊಳೆದುಕೊಂಡು ಬಂದು ಸಹಿ ಹಾಕಿದಳು.

ಮೂರು ವಾರದ ನಂತರ ಸರ್ ನಮ್ಮಿಬ್ಬರನ್ನೂ ತರಗತಿ ಮುಗಿದ ಮೇಲೆ ನಿಲ್ಲಿಸಿಕೊಂಡರು. ಎರಡು ಪ್ರತಿಗಳನ್ನೂ ಮೇಜಿನ ಮೇಲೆ ಇಟ್ಟರು.

"ಇದು ಯಾರದ್ರಿ?"

"ನಮ್ಮದ್ರಿ ಸರ," ಎಂದಳು ಅಕ್ಕ.

"ನಮ್ಮದು ಅಂದ್ರ ನಡಿಯಾಂಗಿಲ್ರಿ ಅಕ್ಕಾರ. ಒಬ್ಬರದ ಇರಬೇಕು. ಇನ್ನೊಬ್ರು ನಕಲು ಮಾಡ್ಯಾರ ಅಂತ ನಾ ಮ್ಯಾಲ ಬರದ ಕಳಸಬೇಕಾಕ್ಕೈತಿ. ಅವ್ರು ಮುಂದ ಪರೀಕ್ಷಾಕ ಕೂಡಾಕ ಬರಾಂಗಿಲ್ಲ."

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಅಕ್ಕ ಸಮಾಧಾನವಾಗಿಯೇ ಹೇಳಿದಳು. "ಮನಿ ನಂದ್ರಿ. ಹೇಳಿದಾಕಿ ನಾನು, ಬರದಾಕಿ ಇಕಿ."

ಸರ್ ಸ್ವಲ್ಪ ಹೊತ್ತು ಹಾಳೆ ತಿರುವಿದರು. ಅವರಿಗೂ ಇದು ಬೇಡವಾಗಿತ್ತು ಎಂದು ಕಾಣುತ್ತದೆ. ಒಂದು ಕಡೆ ಬೆರಳಿಟ್ಟು, "ಇಡೀ ಬರಹದಾಗ ನನಗ ಭಾಳ ಹಿಡಿಸಿದ್ದು ಇದೊಂದು ರೀ," ಎಂದು ಆ ನಾಲ್ಕು ಸಾಲು ಓದಿದರು. ಗುಬ್ಬಿ, ಕುಳಿ, ಅವ್ವನ ಚರಿಗೆ. ಓದಿ ಅಕ್ಕನ ಕಡೆ ನೋಡಿದರು. "ಮನಿ ನಿಮ್ಮದಂದ್ರಲ್ಲ. ಹೇಳ್ರಿ, ಆ ಕುಳಿ ಹೆಂಗ ಬಿತ್ತು ಕಲ್ಲಿಗೆ? ನಿಮ್ಮ ಅವ್ವ ಯಾವಾಗ ನೀರ ಹಾಕತಿದ್ರು?"

ಅಕ್ಕ ಕಣ್ಣು ಸಣ್ಣ ಮಾಡಿ ಎಲ್ಲೋ ನೋಡಿದಳು. ಹುಡುಕುತ್ತಿದ್ದಳು. "ನೆನಪಾಗವಲ್ದ್ರಿ ಸರ," ಎಂದಳು.

"ನೀವು ಹೇಳ್ರಿ," ಎಂದರು ನನಗೆ.

ನನ್ನ ಬಾಯಿಂದ ಬಂದುಬಿಟ್ಟಿತು. "ಎರಡನೇ ಪಾವಟಿಗಿ, ಬಲಕ್ರಿ. ಅಲ್ಲಿ ಕುಡಗೋಲ ಮಸೀತಿದ್ರು, ಹಂಗ ಮಸದ ಮಸದ ಬಿದ್ದದ್ದು. ಮುಂಜಾನೆ ಸಾರಿಸಿದ ಮ್ಯಾಲ ನೀರ ಹಾಕತಿದ್ರು."

ಕುಡುಗೋಲಿನ ಮಾತು ಹಾಳೆಯಲ್ಲೂ ಇರಲಿಲ್ಲ. ಅದು ಆಗ ಹುಟ್ಟಿದ್ದು. ಸರ್ ತಲೆ ಅಲ್ಲಾಡಿಸಿ ಅಕ್ಕನ ಹೆಸರಿದ್ದ ಪ್ರತಿಯನ್ನು ಬದಿಗೆ ಇಟ್ಟರು. ಅಕ್ಕನ ಮನೆಯಲ್ಲಿ ಇಲ್ಲದ ಒಂದು ಕುಳಿಯ ಬಗ್ಗೆ ಅಕ್ಕನನ್ನು ಕೇಳಿದರು, ಅವಳು ನೆನಪಿಲ್ಲ ಎಂದಳು, ಅದಕ್ಕೇ ಅವಳ ಓದು ನಿಂತಿತು. ಆಗಲೇ ಹೇಳಬಹುದಿತ್ತು. ಹೇಳಿದರೆ ಇಬ್ಬರದೂ ಹೋದೀತು ಎಂಬ ಹೆದರಿಕೆ ಒಂದು. ಅವರು ಹೊಗಳಿದ ಆ ನಾಲ್ಕು ಸಾಲು ನನ್ನವು ಎಂಬ ಖುಷಿ ಇನ್ನೊಂದು. ಆ ಖುಷಿಯೂ ಇತ್ತು, ಇಲ್ಲವೆನ್ನಲಾರೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಕೂತಿದ್ದಳು. ಓದು ಹೋಯಿತೆಂದು ಅಳುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ಅದರ ಚಿಂತೆ ಇದ್ದಂತೆ ಕಾಣಲಿಲ್ಲ.

"ತಂಗಿ, ಆ ಕುಳಿ ನನಗ್ಯಾಕ ನೆನಪಿಲ್ಲ?"

ನಾನು ಕಂಡಕ್ಟರನಿಗೆ ಚಿಲ್ಲರೆ ಎಣಿಸಿಕೊಟ್ಟೆ.

"ನಮ್ಮ ಮನೀದು. ನಿನಗ ಹೆಂಗ ಗೊತ್ತಾತು?"

"ನೀನ ಒಮ್ಮೆ ಹೇಳಿದ್ದಿಯಲ್ಲ ಯಕ್ಕಾ, ಲಡಿ ಬಿಚ್ಚೂಮುಂದ. ಮರತೀ ನೀ," ಎಂದೆ.

"ಹೌದೇನ," ಎಂದಳು. ಹುನ್ನೂರಿನ ಹತ್ತಿರ ಬಸ್ಸು ನಿಂತು ಒಬ್ಬ ಕುರಿಗಾರ ಎರಡು ಮರಿ ಬಗಲಲ್ಲಿಟ್ಟುಕೊಂಡು ಹತ್ತಿದ. ಅಕ್ಕ ಆ ಮರಿಗಳ ಕಡೆಯೇ ಬಹಳ ಹೊತ್ತು ನೋಡಿದಳು. ಆಮೇಲೆ ಹೇಳಿದಳು. "ಇದ್ದೀತು. ನಾ ಹೇಳಿದ್ದ ಇದ್ದೀತು. ನೋಡ, ನಮ್ಮವ್ವ ನೀರ ಹಾಕತಿದ್ದದ್ದನ್ನೂ ಮರತಬಿಟ್ನಲ್ಲ."

ಮುಂದೆ ಒಂದೂವರೆ ವರ್ಷ ನನ್ನ ತರಗತಿಗಳು ಇದ್ದವು. ಅತ್ತೆಯ ಷರತ್ತು ಬದಲಾಗಿರಲಿಲ್ಲ, ಒಬ್ಬಳನ್ನೇ ಜಮಖಂಡಿಗೆ ಕಳಿಸುವಂತಿರಲಿಲ್ಲ. ಹಾಗಾಗಿ ಜೋಡಿಗೆ ಬರುವವಳು ಈಗ ಅಕ್ಕ ಆದಳು. ನಾನು ಒಳಗೆ ಕೂತು ಬರೆಯುತ್ತಿದ್ದೆ. ಅವಳು ಹೈಸ್ಕೂಲಿನ ಕಟ್ಟೆಯ ಮೇಲೆ ಕೂತು, ಚೀಲದಲ್ಲಿ ತಂದ ಮೆಂತೆ ಪಲ್ಯದ ಸೊಪ್ಪು ಬಿಡಿಸುತ್ತಿದ್ದಳು, ಇಲ್ಲವೆ ಮಕ್ಕಳ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ಒಂದು ಭಾನುವಾರವೂ ಒಲ್ಲೆ ಎನ್ನಲಿಲ್ಲ. ಸರ್ ಹೊರಗೆ ಬಂದರೆ ಎದ್ದು ನಿಂತು, "ರೊಟ್ಟಿ ತಿಂತೀರೇನ್ರಿ ಸರ," ಎಂದು ಕೇಳುತ್ತಿದ್ದಳು. ನಾನು ಪಾಸಾದ ದಿನ ಓಣಿಗೆಲ್ಲ ಪೇಢೆ ಹಂಚಿದವಳೂ ಅವಳೇ. ಆ ಪದವಿಯಿಂದ ನನಗೆ ಏನೂ ಬರಲಿಲ್ಲ. ದಿನಾ ಸಂಜೆ ನಾಲ್ಕು ಸಾಲು ಬರೆದಿಡುವ ಚಟ ಒಂದು ಬಂತು. ಪ್ರಮಾಣಪತ್ರ ಟ್ರಂಕಿನಲ್ಲಿ, ಸೀರೆಗಳ ಕೆಳಗೆ ಇದೆ.

ಅಕ್ಕನಲ್ಲಿ ಉಳಿದದ್ದು ಕುಳಿ. ಮೊದಮೊದಲು ಬೀಗದ ಕೈ ಕಳೆದರೆ, ಹಾಲು ಉಕ್ಕಿದರೆ, "ನನಗ ಮರವು ಭಾಳಬೇ. ನಮ್ಮ ಮನಿ ಕುಳೀನ ಮರತಾಕಿ ನಾ," ಎನ್ನುತ್ತಿದ್ದಳು. ತನ್ನ ತಾಯಿಗೆ ಕೊನೆಗಾಲದಲ್ಲಿ ಮರೆವು ಬಂದದ್ದನ್ನು ನೆನೆದು ಹೆದರುತ್ತಿದ್ದಳು. ವರ್ಷ ಕಳೆದಂತೆ ಅವಳಿಗೆ ಕುಳಿ ನೆನಪಾಗತೊಡಗಿತು. ಮಕ್ಕಳಿಗೆ ಹೇಳತೊಡಗಿದಳು. ಗುಬ್ಬಿಗಳ ಜೊತೆ ಒಂದು ಕುಂಟ ಕಾಗೆಯೂ ಬರುತ್ತಿತ್ತಂತೆ. ಅದನ್ನು ನಾನು ಬರೆದಿರಲಿಲ್ಲ. ಮಗ್ಗದ ಕುಣಿಯ ಮಾತು ಮಾತ್ರ ಅವಳ ಬಾಯಿಂದ ಹೋಯಿತು. ಎಂದು ಹೋಯಿತೋ ಗೊತ್ತಾಗಲಿಲ್ಲ.

ಕಳೆದ ವಾರ ಅಕ್ಕನ ತವರಿನ ಕಡೆಯ ಒಬ್ಬ ಬಳೆಗಾರ್ತಿ ಓಣಿಗೆ ಬಂದಿದ್ದಳು. ಅಕ್ಕನಿಗೆ ಬಳೆ ತೊಡಿಸುತ್ತ, "ಈ ಸಲ ನೀರ ಭಾಳ ಇಳದೈತವ್ವಾ. ಹಳೇ ಊರಿನ ಬುನಾದಿ ಎಲ್ಲ ಬಿದ್ದಾವ ಹೊರಗ," ಎಂದಳು. ಅಕ್ಕನ ಕೈ ಬಳೆಗಾರ್ತಿಯ ಕೈಯಲ್ಲೇ ನಿಂತಿತು.

"ತಂಗಿ, ಹೋಗಿ ಬರೂನು. ಮನಿ ಗುರುತ ಸಿಗ್ತೈತಿ. ಕುಳಿ ಐತೆಲ್ಲ, ಕಲ್ಲೇನ ಕರಗಾಂಗಿಲ್ಲ."

ಒಂದು ವಾರ ನಾನು ನೆವ ಹುಡುಕಿದೆ. ಬಿಸಿಲು ಎಂದೆ. ಮೊಣಕಾಲು ನೋವು ಎಂದೆ. ಮಳೆ ಬಂದರೆ ಹೊಳೆ ತುಂಬುತ್ತದೆ, ಮತ್ತೆ ಯಾವ ವರ್ಷವೋ ಎಂದು ಅವಳು ಬಿಡಲಿಲ್ಲ. ಉಡಿಯ ಸಾಮಾನು ತಾನೇ ತಂದಿಟ್ಟಳು.

ಟಂಟಂನವನು ನಮ್ಮನ್ನು ಇಳಿಸಿದ ಕಡೆಯಿಂದ ಒಂದು ಹರದಾರಿಯಷ್ಟು ನಡೆದೆವು. ಒಡೆದ ರೇವೆ ಮಣ್ಣು, ಕಾಲಿಗೆ ಚುಚ್ಚುವ ಸಿಂಪಿ ಚಿಪ್ಪು, ಅಲ್ಲಲ್ಲಿ ಹರಿದ ಮೀನಿನ ಬಲೆ. ದೂರದಲ್ಲಿ ನೀರು ಬೆಳ್ಳಗೆ ಕಾಣುತ್ತಿತ್ತು. ಊರು ಎಂದರೆ ಮೊಣಕಾಲೆತ್ತರದ ಕಲ್ಲಿನ ಸಾಲುಗಳು. ಗೋಡೆಗಳ ಮಣ್ಣು ಎಂದೋ ಕರಗಿತ್ತು. ಹಣಮಂತದೇವರ ಗುಡಿಯ ಕಟ್ಟೆ ಮಾತ್ರ ಗಟ್ಟಿಯಾಗಿ ಉಳಿದಿತ್ತು. ಅಕ್ಕ ಅಲ್ಲಿ ಚಪ್ಪಲಿ ಬಿಟ್ಟಳು. ಸುಡುವ ಮಣ್ಣಿನ ಮೇಲೆ ಬರಿಗಾಲಲ್ಲಿ ಓಣಿ ಹಿಡಿದಳು.

"ಒಂದು. ಎರಡು. ಮೂರು," ಎಂದು ಎಣಿಸಿದಳು. ನಾಲ್ಕನೆಯದರ ಮುಂದೆ ನಿಂತಳು. ಅಲ್ಲಿ ಎರಡು ಪಾವಟಿಗೆ ಇದ್ದವು. ಅವಳು ಕೂತು ಎರಡನೆಯದರ ಮೇಲಿನ ಮಣ್ಣನ್ನು ಸೆರಗಿನಿಂದ ಒರೆಸಿದಳು. ಬಲಗಡೆ ಅಂಗೈ ಆಡಿಸಿದಳು. ಎಡಗಡೆ ಆಡಿಸಿದಳು. ಕಲ್ಲು ನುಣ್ಣಗಿತ್ತು.

ನಾನು ಅವಳ ತಲೆಯ ಮೇಲಿಂದ ಒಳಗೆ ನೋಡಿದೆ. ಕಲ್ಲಿನ ಸಾಲುಗಳ ನಡುವೆ ಒಂದು ಚೌಕಾದ ತಗ್ಗು. ಅಂಚಿಗೆ ನಾಲ್ಕು ಕಡೆ ಚಪ್ಪಡಿ ಕೂರಿಸಿತ್ತು. ಒಳಗೆ ರೇವೆ ತುಂಬಿ ಬಿರುಕು ಬಿಟ್ಟಿತ್ತು. ನೇಕಾರರ ಮನೆಯವಳಿಗೆ ಅದು ಏನೆಂದು ಯಾರೂ ಹೇಳಬೇಕಿಲ್ಲ.

"ಯಕ್ಕಾ, ಒಳಗ ನೋಡ ಒಮ್ಮೆ," ಎಂದೆ.

"ಒಳಗೇನ ನೋಡೂದು. ಕುಳಿ ಇಲ್ಲ. ನಮ್ಮದಲ್ಲ ಇದು." ಎದ್ದುಬಿಟ್ಟಳು. "ಎಣಿಕಿ ತಪ್ಪೈತಿ ನಂದು. ಮರವು."

ಆಗಲೂ ನಿಜ ಹೇಳುವುದು ನನ್ನಿಂದ ಆಗಲಿಲ್ಲ. ಅವಳು ಒಂದೊಂದೇ ಮನೆಯ ಪಾವಟಿಗೆ ಒರೆಸುತ್ತ ಹೋದಳು. ಆ ಓಣಿ ಮುಗಿಸಿ ಹಿಂದಿನ ಓಣಿಗೆ ಹೊರಳಿದಳು. ನಾನು ಉಡಿಯ ಗಂಟು ಹಿಡಿದು ಹಿಂದೆ ನಡೆದೆ. ಅಲ್ಲಿ ಒಂದು ಕಡೆ ಹಳೆಯ ಒಳಕಲ್ಲನ್ನು ಒಡೆದು ಪಾವಟಿಗೆಗೆ ಕೂರಿಸಿದ್ದರು. ಅದರ ಒಂದು ಮಗ್ಗುಲಲ್ಲಿ ಕುಟ್ಟಿ ಸವೆದ ತಗ್ಗು ಇತ್ತು. ಅಕ್ಕ ಅದರೊಳಗೆ ಕೈ ಇಟ್ಟಳು. ಕೈ ಇಟ್ಟವಳು ತೆಗೆಯಲಿಲ್ಲ.

"ಇಲ್ಲೈತಿ ನೋಡ ತಂಗಿ."

ಅಲ್ಲೇ ಕೂತು ಅತ್ತಳು. ತಾಯಿ ಸತ್ತಾಗಲೂ ಅವಳು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಬಾಟಲಿಯಲ್ಲಿದ್ದ ಕುಡಿಯುವ ನೀರನ್ನು ಆ ತಗ್ಗಿನಲ್ಲಿ ಹೊಯ್ದಳು. ಆಮೇಲೆ ಮುಖ ಒರೆಸಿಕೊಂಡು ಸೆರಗು ಬಿಡಿಸಿ ಹಿಡಿದಳು.

"ಉಡಿ ತವರಿನವರು ತುಂಬಬೇಕು. ಇಲ್ಲಿ ಯಾರದಾರ. ನೀನ ಪಾವಟಿಗಿ ಮ್ಯಾಲ ನಿಂತು ತುಂಬು, ನಮ್ಮವ್ವನ ತುಂಬಿದಂಗ."

ನಾನು ಯಾರದೋ ಮನೆಯ ಪಾವಟಿಗೆಯ ಮೇಲೆ ನಿಂತೆ. ಅವಳಿಗೆ ಅರಿಶಿಣ ಕುಂಕುಮ ಹಚ್ಚಿದೆ. ಐದು ಬೊಗಸೆ ಅಕ್ಕಿ ಅವಳ ಉಡಿಗೆ ಹಾಕಿದೆ. ಕೊಬ್ಬರಿ, ಅರಿಶಿಣ ಕೊಂಬು, ಕುಬಸದ ಕಣ ಇಟ್ಟೆ. ಅವಳು ಬಗ್ಗಿ ನನ್ನ ಕಾಲು ಮುಟ್ಟಿದಳು. ನನಗಿಂತ ದೊಡ್ಡವಳು. ಆಮೇಲೆ ಗುಡಿಯ ಕಟ್ಟೆಗೆ ಬಂದು ರೊಟ್ಟಿ ತಿಂದೆವು. ಎಂಟರಲ್ಲಿ ಐದು ಅವಳೇ ತಿಂದಳು. ಬಸ್ಸಿನಲ್ಲಿ ನನ್ನ ಹೆಗಲಿಗೆ ಒರಗಿ ನಿದ್ದೆ ಮಾಡಿದಳು. ಉಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದಳು.

ಸಂಜೆ ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದೆವು. ಅವಳು ಉಡಿಯ ಅಕ್ಕಿಯನ್ನು ಮೊರಕ್ಕೆ ಸುರಿದುಕೊಂಡು ಕಲ್ಲು ಆರಿಸುತ್ತಿದ್ದಳು. ಉಡಿಯ ಅಕ್ಕಿಯನ್ನು ಮನೆಯಲ್ಲಿ ಸಿಹಿ ಮಾಡಿ ಉಣ್ಣಬೇಕು. ಸಣ್ಣಗೆ ಹಾಡಿಕೊಳ್ಳುತ್ತಿದ್ದಳು. ಆ ಹಾಡು ಕೇಳಿ ಕೂರಲು ನನ್ನಿಂದ ಆಗಲಿಲ್ಲ. ಕುಳಿ ನಾನು ಬರೆದದ್ದು ಎಂದೆ. ನೀನು ಎಂದೂ ಹೇಳಿರಲಿಲ್ಲ, ಬಸ್ಸಿನಲ್ಲಿ ನಾನು ಸುಳ್ಳು ಹೇಳಿದೆ ಎಂದೆ. ನಾಲ್ಕನೆಯ ಮನೆಯೇ ನಿಮ್ಮದು ಎಂದೆ. ಒಲೆಯ ಕಡೆ ಮುಖ ಮಾಡಿಕೊಂಡೇ ಎಲ್ಲ ಹೇಳಿದೆ.

ಅಕ್ಕಿ ಆರಿಸುವ ಸಪ್ಪಳ ನಿಂತಿತು. ಹೊರಗೆ ಮಗ್ಗಗಳು ಮಾತ್ರ ನಡೆಯುತ್ತಿದ್ದವು.

"ಹಂಗಂದ್ರ ಆ ಸರ್ ಕೇಳಿದಾಗ ನಾ ನೆನಪಿಲ್ಲ ಅಂದದ್ದು ಖರೇನ ಇತ್ತು," ಎಂದಳು.

"ಹೌದ ಯಕ್ಕಾ."

"ಹನ್ನೆರಡ ವರ್ಷ ಆತು. ನನಗ ಮರವು ಹಿಡದೈತಿ ಅಂತ ತಿಳಕೊಂಡೇನಿ."

ನಾನು ತಿರುಗಿ ನೋಡಿದೆ. ಅವಳು ಮೊರದಲ್ಲಿನ ಅಕ್ಕಿಯನ್ನೇ ನೋಡುತ್ತಿದ್ದಳು.

"ಇವತ್ತ ಯಾರ ಮನಿ ಮುಂದ ಕುಂತು ಅತ್ನಿ ನಾ?"

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಅವಳು ಎರಡು ಕಲ್ಲು ಆರಿಸಿ ಬದಿಗೆ ಇಟ್ಟಳು.

"ಅಲ್ಲಿ ಒಳಗ ನೋಡು ಅಂದ್ಯಲ್ಲ ನೀ. ಏನಿತ್ತು?"

"ಕುಣಿ ಇತ್ತು. ಮಗ್ಗದ್ದು. ರೇವಿ ತುಂಬಿತ್ತು."

"ಕುಣಿ," ಎಂದಳು. ಆ ಪದವನ್ನು ಬಾಯಲ್ಲಿ ಇಟ್ಟು ನೋಡುವವಳ ಹಾಗೆ ಅಂದಳು. "ಅದರಾಗ ನಾ ಮಲಗತಿದ್ನಿ ಅಂತ ಹೇಳಿದ್ನೇನ ನಿನಗ? ಖರೆ ಹೇಳು. ಇದನ್ನರ ನಾ ಹೇಳಿದ್ದೋ, ನೀ ಹೇಳಿದ್ದೋ?"

"ನೀನ ಹೇಳಿದ್ದಿ ಯಕ್ಕಾ. ಕೋಳಿ ತತ್ತಿ ಇಟ್ಟದ್ದೂ ನೀನ ಹೇಳಿದ್ದಿ."

ಅವಳು ನನ್ನ ಮುಖವನ್ನೇ ನೋಡಿದಳು. ನಂಬಬೇಕೋ ಬೇಡವೋ ಎಂದು ನೋಡಿದಳು. ಮೂವತ್ತು ವರ್ಷಕ್ಕೆ ಹತ್ತಿರವಾಯಿತು ನಾವು ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುತ್ತ. ಅವಳು ನನ್ನನ್ನು ಹಾಗೆ ನೋಡಿದ್ದು ಇವತ್ತೇ ಮೊದಲು. ಆಮೇಲೆ ಎದ್ದು ಅಕ್ಕಿ ತೊಳೆಯತೊಡಗಿದಳು.

"ಯಕ್ಕಾ, ಇರಲಿ ಬಿಡು, ನಾ ಮಾಡ್ತೇನಿ."

"ಯಾರ ಮನೀದರ ಇರಲಿ, ಉಡಿ ಅಕ್ಕಿ ಒಗಿಯಾಕ ಬರಾಂಗಿಲ್ಲ," ಎಂದಳು. ಬೆಲ್ಲದ ಡಬ್ಬಿಗೆ ಕೈ ಚಾಚಿದಳು. ನಾನು ತೆಗೆದುಕೊಟ್ಟೆ.

ಊಟಕ್ಕೆ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಉಳಿದ ಶೇಂಗಾ ಚಟ್ನಿ, ಮೊಸರು, ಉಡಿಯ ಅಕ್ಕಿಯ ಹುಗ್ಗಿ. ಗಂಡಸರು ಹುಗ್ಗಿ ಎರಡು ಸಲ ಹಾಕಿಸಿಕೊಂಡರು. ತವರು ಸಿಕ್ಕಿತೇ ಎಂದು ಭಾವ ಕೇಳಿದರು. ಸಿಕ್ಕಿತು ಎಂದಳು ಅಕ್ಕ. ಅವಳು ಹುಗ್ಗಿಯನ್ನು ಒಂದು ತುತ್ತು ಬಾಯಿಗೆ ಮುಟ್ಟಿಸಿ ಉಳಿದದ್ದನ್ನು ನನ್ನ ತಾಟಿಗೆ ಹಾಕಿದಳು. ನಾನು ತಿಂದೆ. ದಿನಾ ಒಲೆ ಸಾರಿಸಿ, ಹೆಪ್ಪು ಹಾಕಿ, ಎಲ್ಲರ ಕೊನೆಗೆ ಮಲಗುವವಳು ಅಕ್ಕ. ಇವತ್ತು ಎಲ್ಲರಿಗಿಂತ ಮೊದಲು ಅವಳೇ ಮಲಗಿದಳು. ಹೆಪ್ಪು ನಾನು ಹಾಕಿದೆ.